ಏರಿಯಲ್ ಹಿಡಿದು ನಿಂತವಳು

ನನ್ನ ಕಾರಿನ ರೇಡಿಯೊದ ಏರಿಯಲ್ ವೈರನ್ನು ಇಲಿ ಕಡಿದಿರಬಹುದು. ಮಳೆನೀರು ಕಾರಿನ ತಲೆಯ ಮೇಲಿನ ತೂತಿನಿಂದ ಒಳಗಿಳಿದು ಜಂಗು ಹಿಡಿದಿರಬಹುದು. ಸ್ಪೀಕರು ಹರಿದಿರಬಹುದು. ರೇಡಿಯೊಗೇ ವಯಸ್ಸಾಗಿ ಸಾಕೆನಿಸಿರಬಹುದು. ಹಾಗೆನಿಸುವ ವಯಸ್ಸು ನನಗೂ ಬಂದಿರುವುದರಿಂದ ಈ ಸಂಶಯ ನನಗೆ ಸಹಜ. ಮೊಬೈಲ್ ಚಾರ್ಜರು ನಡುವೆ ಬಾಯಿ ಹಾಕುತ್ತಿರಬಹುದು. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ತಮ್ಮ ಉದ್ದುದ್ದ ಕೈಗಳಿಂದ ಧಾರವಾಡದ ಕಡೆಯಿಂದ ಬರುವ ಹಾಡುಗಳನ್ನು ನೊಣ ಹೊಡೆದಂತೆ ಹೊಡೆದು ಕೆಡವುತ್ತಿರಬಹುದು. ಸೂರ್ಯನ ಮೇಲೆ ಕಲೆ ಎದ್ದಿರಬಹುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಹತ್ತಿರದ ಕಾರಣಕ್ಕಿಂತ ದೂರದ ಕಾರಣ ನನಗೆ ಬೇಗ ಹೊಳೆಯುತ್ತದೆ. ಯಾರದಾದರೂ ದೃಷ್ಟಿ ತಾಗಿರಬಹುದು. ವಿಜ್ಞಾನ ಹೇಳುವವಳಾದರೂ ಬೆಟಗೇರಿಯವಳು. ಕೊನೆಯದಾಗಿ, ರೇಡಿಯೊಗೆ ಏನೂ ಆಗಿರದೆ ನನ್ನ ಕಿವಿಗೇ ಏನೋ ಆಗಿರಬಹುದು.

ಈ ಕೊನೆಯ ಸಂಶಯವನ್ನು ಹೊತ್ತು ನಾನು ಕಿವಿಯ ಡಾಕ್ಟರ ತನಕ ಹೋಗಿಬಂದೆ. ಅವರು ಎರಡೂ ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು. ಕಬ್ಬಿಣದ ಕವಲುಕಡ್ಡಿಯೊಂದನ್ನು ಬಡಿದು ಕಿವಿಯ ಹಿಂದೆ ಇಟ್ಟರು. ಎಲ್ಲ ಮುಗಿದ ಮೇಲೆ ಕೇಳಿದರು:

"ಮನ್ಯಾಗ ಮಂದಿ ಮಾತಾಡಿಸಿದಾಗ ಬರೋಬ್ಬರಿ ಕೇಳಸತೈತೇನ್ರಿ ಟೀಚರ್?"

"ಮನ್ಯಾಗ ಮಾತಾಡಸವ್ರು ಯಾರೂ ಇಲ್ಲಲ್ರಿ," ಎಂದೆ.

ಡಾಕ್ಟರು ಪೆನ್ನಿನ ಟೋಪಿ ಹಾಕಿದರು. "ಹಂಗಾರ ಕಿವಿ ಚೊಲೋ ಅದಾವ ಬಿಡ್ರಿ," ಅಂದರು. ಅವರು ಹೇಳಿದ್ದರಲ್ಲಿ ಈ "ಹಂಗಾರ" ಯಾಕೆ ಬಂತು ಎಂಬುದನ್ನು ದಾರಿಯುದ್ದಕ್ಕೂ ಯೋಚಿಸಿದೆ. ನನಗೆ ಯೋಚನೆಗೆ ಸಾಮಾನು ಕಡಿಮೆ ಬೀಳುವುದಿಲ್ಲ.

ನೀವು ಕೇಳಬಹುದು: ಒಂದು ಕಾರಿನ ರೇಡಿಯೊ ಗೊರಗುಟ್ಟಿದರೆ ಇಷ್ಟು ರಂಪ ಯಾಕೆ? ಹಾಡು ಬೇಕಾದರೆ ಮೊಬೈಲಿನಲ್ಲಿ ಹಾಕಿಕೊಳ್ಳಬಹುದಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಕೇಳದವರಿಲ್ಲ. ಆದರೆ ಮೊಬೈಲಿನ ಹಾಡು ನಾನೇ ಹಾಕಿಕೊಂಡದ್ದು. ಮುಂದಿನ ಹಾಡು ಯಾವುದೆಂದು ನನಗೆ ಮೊದಲೇ ಗೊತ್ತು. ರೇಡಿಯೊದಲ್ಲಿ ಹಾಗಲ್ಲ. ಅಲ್ಲಿ ಇನ್ನೊಬ್ಬರು ಎಲ್ಲೋ ಕೂತು ನನ್ನನ್ನು ಕೇಳದೆ ಏನೋ ಹೇಳುತ್ತಾರೆ. ಮೆಣಸಿನಗಿಡದ ಎಲೆಮುದುಡು ರೋಗಕ್ಕೆ ಏನು ಸಿಂಪಡಿಸಬೇಕು ಎನ್ನುತ್ತಾರೆ. ನನಗೆ ಮೆಣಸಿನಗಿಡವಿಲ್ಲ. ಆದರೂ ಒಬ್ಬಳೇ ಅಡಿಗೆ ಮಾಡಿ, ಒಬ್ಬಳೇ ಉಂಡು, ಬೀಗ ಹಾಕಿ, ಹಾಕಿದ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿ ಕಾರು ಹತ್ತಿದವಳಿಗೆ ಯಾರೋ ಮೆಣಸಿನಗಿಡದ ವಿಷಯ ಹೇಳುವುದೂ ದೊಡ್ಡದೇ.

ಬೆಟಗೇರಿಯಿಂದ ಹರ್ತಿಯ ಕಡೆಗಿರುವ ನನ್ನ ಶಾಲೆಗೆ ದಿನಾ ಈ ಚಿಕ್ಕ ಬಿಳಿ ಕಾರಿನಲ್ಲೇ ಹೋಗಿಬರುತ್ತೇನೆ. ಈ ಬೇಸಿಗೆಯವರೆಗೆ ಪಕ್ಕದ ಸೀಟಿನಲ್ಲಿ ನನ್ನ ತಂಗಿ ಗಿರಿಜಾ ಇರುತ್ತಿದ್ದಳು. ಶಾಲೆಯಿರುವ ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಇಬ್ಬರಿಗೂ ಮದುವೆಯ ವಯಸ್ಸಿನಲ್ಲಿ ಮದುವೆಯಾಗಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಆ ಮಾತನ್ನು ಎತ್ತುವವರೂ ಉಳಿಯಲಿಲ್ಲ. ಒಂದು ಮನೆ, ಎರಡು ತಾಟು, ಒಂದು ಹೊಲಿಗೆಯ ಮಿಶಿನ್ನು. ಹೀಗೇ ಮುಗಿಯುತ್ತದೆ ಎಂದುಕೊಂಡಿದ್ದೆವು. ಅಂದರೆ ನಾನು ಎಂದುಕೊಂಡಿದ್ದೆ.

ಗಿರಿಜಾ ಮಾತುಗಾತಿ. ಬೆಟಗೇರಿಯಲ್ಲಿ ಶುರು ಮಾಡಿದರೆ ಶಾಲೆಯ ಗೇಟಿನಲ್ಲಿ ನಿಲ್ಲಿಸುತ್ತಿದ್ದಳು. ಸಂಜೆ ಅದೇ ವಾಕ್ಯದಿಂದ ಮುಂದುವರಿಸುತ್ತಿದ್ದಳು. ಯಾರ ಕುಪ್ಪಸದ ತೋಳು ಬಿಗಿಯಾಯಿತು, ಯಾವ ಹುಡುಗಿ ಲಂಗದ ನೆರಿಗೆಯನ್ನು ತಿರುವುಮುರುವಾಗಿ ಹಿಡಿದಳು, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ರೇಡಿಯೊವನ್ನು ಆಗಲೂ ಹಚ್ಚಿರುತ್ತಿದ್ದೆ. ಅದು ಸರಿಯಾಗಿ ಕೇಳುತ್ತಿತ್ತೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಅವಳು ಮಾತಾಡುತ್ತಿದ್ದಳು.

ಆ ದಿನಗಳಲ್ಲಿ ರೇಡಿಯೊ ಕೇಳಿದ ನೆನಪು ಒಂದೇ ಒಂದು ಇದೆ. ಮುಂಡರಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಲ್ಲಣ್ಣನವರಿಗೆ ಗಿರಿಜಾ ಬಟ್ಟೆಯ ಕೈಚೀಲಗಳನ್ನು ಹೊಲಿದು ಕೊಡುತ್ತಿದ್ದಳು. ಹೆಂಡತಿ ತೀರಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಚೀಲ ಒಯ್ಯಲು ತಾವೇ ಬರುತ್ತಿದ್ದರು. ಒಂದೊಂದನ್ನೂ ಬಿಡಿಸಿ, ಹಿಡಿಕೆ ಜಗ್ಗಿ ನೋಡಿ, ಮತ್ತೆ ಮಡಚಿ, ಅಷ್ಟರಲ್ಲಿ ಚಹಾದ ಹೊತ್ತಾಗಿರುತ್ತಿತ್ತು. ವ್ಯಾಪಾರದಲ್ಲಿ ಇಷ್ಟು ಕಾಳಜಿ ಇರುವವರು ಅಪರೂಪ ಎಂದು ನಾನು ಹೊಗಳಿದ್ದೂ ಉಂಟು. ಒಂದು ಮುಂಜಾನೆ ಹರ್ತಿಯ ದಾರಿಯಲ್ಲಿ ಗಿರಿಜಾ ಯಾಕೋ ಸುಮ್ಮನೆ ಕೂತಿದ್ದಳು. ಆಮೇಲೆ ಅಂದಳು:

"ಅಕ್ಕಾ, ಮಲ್ಲಣ್ಣಾರು ಕೇಳ್ಯಾರ."

"ಏನ್ ಕೇಳ್ಯಾರ? ಮತ್ತ ಚೀಲಾನ?"

"ಅಲ್ಲಬೇ. ನನ್ನ."

ನಾನು ಏನು ಮಾಡಿದೆ ಗೊತ್ತೇ? ಕೈ ಚಾಚಿ ರೇಡಿಯೊದ ಧ್ವನಿ ಏರಿಸಿದೆ. ಹಾಡು ಯಾವುದೆಂದು ನೆನಪಿಲ್ಲ. ಆದರೆ ಗೊರಗೊರ ಇರಲಿಲ್ಲ. ಅದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಹಾಗೆ ನೋಡಿದರೆ ಗಿರಿಜಾಳಿಗೂ ರೇಡಿಯೊಗೂ ನನಗಿಂತ ಹತ್ತಿರದ ಸಂಬಂಧ. ನಮ್ಮಪ್ಪ ಗದಗಿನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಮನೆಯಲ್ಲಿ ತೊಗಲಿನ ಅಂಗಿ ತೊಟ್ಟ ಒಂದು ರೇಡಿಯೊ ಇತ್ತು. ಅದರ ಶೆಲ್ಲು ಕುಗ್ಗಿದಾಗ ಅವ್ವ ಮಾಳಿಗೆಯ ಮೇಲೆ ಸಂಡಿಗೆಯ ಸೀರೆಯ ತುದಿಗೇ ಅವುಗಳನ್ನು ಬಿಸಿಲಿಗೆ ಇಡುತ್ತಿದ್ದಳು. ಸಂಡಿಗೆಯಂತೆ ಅವೂ ಒಣಗಿ ಗಟ್ಟಿಯಾಗಿ ಮತ್ತೆ ನಾಲ್ಕು ದಿನ ದುಡಿಯುತ್ತಿದ್ದವು. ಅಪ್ಪನಿಗೆ ಪೇಟೆಯ ಧಾರಣೆ ಕೇಳುವ ಹುಚ್ಚು. ದಿನವಿಡೀ ಹತ್ತಿ ಶೇಂಗಾಗಳ ನಡುವೆಯೇ ಕೂತು ಬಂದವನು ಮನೆಗೆ ಬಂದು ಅವುಗಳ ರೇಟನ್ನೇ ಮತ್ತೆ ಕೇಳುತ್ತಿದ್ದ. ಸ್ವಂತದ್ದು ಒಂದು ಚೀಲ ಶೇಂಗಾ ಇರಲಿಲ್ಲ. ಆದರೂ ಧಾರಣೆ ಇಳಿದರೆ ಅವನ ಮುಖ ಇಳಿಯುತ್ತಿತ್ತು. ಸಂಬಂಧವಿಲ್ಲದ್ದಕ್ಕೆ ಚಿಂತಿಸುವುದನ್ನು ನಾನು ಎಲ್ಲಿಂದ ಕಲಿತೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸರಿಯಾಗಿ ಧಾರಣೆಯ ಹೊತ್ತಿಗೆ ರೇಡಿಯೊ ಕೆಮ್ಮಲು ಶುರು ಮಾಡುತ್ತಿತ್ತು. ಆಗ ಯಾರಾದರೂ ಕಿಟಕಿಯ ಕಟ್ಟೆ ಹತ್ತಿ ಏರಿಯಲ್ಲಿನ ಕಡ್ಡಿಯನ್ನು ಹಿಡಿದು ನಿಲ್ಲಬೇಕಾಗಿತ್ತು. ಮೊದಲು ಹಿರಿಯಳೆಂದು ನನ್ನನ್ನು ನಿಲ್ಲಿಸಿದರು. ನಾನು ಹಿಡಿದರೆ ಹಾಡಿನ ಜಾಗದಲ್ಲಿ ಹಂಚಿನ ಮೇಲೆ ಜೋಳ ಹುರಿದ ಸದ್ದು ಬರುತ್ತಿತ್ತು. ಕೈ ಬೆವರುತ್ತಿದೆಯೋ, ಕರೆಂಟು ಹೊಡೆಯುತ್ತದೋ, ಬಿದ್ದರೆ ಏನು ಗತಿ ಎಂದು ನಾನು ಅಲ್ಲಾಡುತ್ತಲೇ ಇರುತ್ತಿದ್ದೆ. "ನೀ ಇಳಿಯವಾ," ಅನ್ನುತ್ತಿದ್ದ ಅಪ್ಪ, "ಗಿರಿಜಾ ಹಿಡೀಲಿ." ಗಿರಿಜಾ ಹತ್ತಿ, ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ಬೆಲ್ಲದ ಹರಳು ಹಿಡಿದು ನಿಂತರೆ ಅಡತಿ ಅಂಗಡಿಯ ಸಾಹುಕಾರನೇ ಪಡಸಾಲೆಯಲ್ಲಿ ಕೂತು ರೇಟು ಹೇಳಿದಷ್ಟು ಸ್ವಚ್ಛ. ಅವಳಿಗೆ ಧಾರಣೆಯೂ ಬೇಡ, ಭಯವೂ ಇಲ್ಲ. ಬೆಲ್ಲ ಮುಗಿಯುವ ತನಕ ಕಂಬದಂತೆ ನಿಲ್ಲುತ್ತಿದ್ದಳು. ಆಮೇಲೆ ನಾನು ವಿಜ್ಞಾನ ಓದಿ, ಮನುಷ್ಯರ ಮೈಯೂ ಒಂದು ಬಗೆಯ ಏರಿಯಲ್ಲು ಎಂದು ತಿಳಿದುಕೊಂಡೆ. ಒಬ್ಬರ ಮೈ ಇನ್ನೊಬ್ಬರಿಗಿಂತ ಒಳ್ಳೆಯ ಏರಿಯಲ್ ಯಾಕೆ ಎನ್ನುವುದು ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಇರಲಿ. ಮದುವೆ ಮುಗಿದು, ಶಾಲೆ ಶುರುವಾಗಿ, ಒಬ್ಬಳೇ ಕಾರು ಹತ್ತಿದ ಮೊದಲ ದಿನ ರೇಡಿಯೊ ಹಚ್ಚಿದೆ. ಗದಗ ದಾಟುವ ತನಕ ಪರವಾಗಿರಲಿಲ್ಲ. ಹರ್ತಿಯ ದಾರಿ ಹಿಡಿದ ಮೇಲೆ ಗೊರ್ರ್. ಮಾರನೆಯ ದಿನವೂ ಗೊರ್ರ್. ನಡುನಡುವೆ ಒಂದೊಂದು ಶಬ್ದ ಮಾತ್ರ ತೇಲಿ ಬರುತ್ತಿತ್ತು: "ಎಕರೆಗೆ", "ನಲ್ಲೆ", "ಸಾಧಾರಣ ಮಳೆ". ನಾನು ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದೆ.

ಹುಬ್ಬಳ್ಳಿ ರಸ್ತೆಯ ಮೇಲಿನ ಆ ಶೋರೂಮಿನ ವಿಷಯ ಹೇಳಬೇಕು. ಮುಂದೆ ಗಾಜಿನ ಅರಮನೆ, ಹಿಂದೆ ಗ್ಯಾರೇಜು. ಗ್ಯಾರೇಜಿನ ಹುಡುಗರ ಮೇಲಿನ ದೊರೆ ಮಂಜುನಾಥ ಎಂಬ ಸೂಪರ್‌ವೈಸರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬು, ನಾಲಿಗೆಯಲ್ಲಿ ಸಕ್ಕರೆ. ಮೊದಲ ದಿನ ನನ್ನ ಹಿಂದೆ ಮುಂದೆ ನೋಡಿ ಕೇಳಿದ:

"ಸರ್ ಬರ್ಲಿಲ್ಲೇನ್ರಿ ಮೇಡಂ?"

"ಯಾವ ಸರ್?"

"ಅಂದ್ರ, ಗಾಡಿದು ಏನ್ ತಕರಾರು ಅಂತ ಹೇಳಾಕ."

"ತಕರಾರು ನಂದ ಐತಿ, ನಾನ ಹೇಳ್ತೀನಿ."

"ಹೇಳ್ರಿ ಹೇಳ್ರಿ," ಎಂದು ಅವನು ಟ್ಯಾಬು ಎತ್ತಿಕೊಂಡ. ನಾನು ಇಲಿಯಿಂದ ಹಿಡಿದು ಸೂರ್ಯನ ಕಲೆಯ ತನಕ ಎಲ್ಲವನ್ನೂ ಹೇಳಿದೆ. ಅವನು ಗಂಭೀರವಾಗಿ ತಲೆದೂಗುತ್ತ "ರೇಡಿಯೊ ಸೌಂಡ್" ಎಂದಷ್ಟೇ ಬರೆದುಕೊಂಡ.

ಕಾಯುವವರ ಕೋಣೆಯಲ್ಲಿ ಗಾಜಿನಾಚೆ ನಮ್ಮ ನಮ್ಮ ಕಾರು ಕಾಣುತ್ತದೆ. ನನ್ನದನ್ನು ಮೇಲಕ್ಕೆತ್ತಿ ನಿಲ್ಲಿಸಿದಾಗ ಅದರ ಹೊಟ್ಟೆಯನ್ನು ಮೊದಲ ಸಲ ನೋಡಿದೆ. ಯಾಕೋ ನೋಡಬಾರದ್ದನ್ನು ನೋಡಿದಂತಾಗಿ ಗೋಡೆಯ ಟಿವಿಯ ಕಡೆ ಮುಖ ತಿರುಗಿಸಿದೆ. ಟಿವಿಗೆ ಧ್ವನಿ ಇರಲಿಲ್ಲ. ಪಕ್ಕದಲ್ಲಿ ಲಕ್ಷ್ಮೇಶ್ವರದ ಕಡೆಯವರೊಬ್ಬರು ಮಗನ ಹೊಸ ಕಾರಿಗೆ ಬಿದ್ದ ಗೆರೆ ಅಳಿಸಲು ಬಂದಿದ್ದರು. "ನಿಮ್ದೇನ್ರಿ?" ಎಂದರು. ರೇಡಿಯೊ ಎಂದೆ. "ಅಷ್ಟನ?" ಎಂದು ಮತ್ತೆ ಮಾತಾಡಿಸಲಿಲ್ಲ. ಆಸ್ಪತ್ರೆಯಲ್ಲಿ ಎದೆನೋವಿನವರ ನಡುವೆ ನೆಗಡಿ ಎಂದು ಕೂತವರ ಗತಿ ನನ್ನದು.

ಸ್ವಲ್ಪ ಹೊತ್ತಿಗೆ ಮಂಜುನಾಥ ಬಂದ. ಅಂಗಳದಲ್ಲಿ ಕಾರು ತೊಳೆದು ನಿಲ್ಲಿಸಿದ್ದರು. ರೇಡಿಯೊ ಹಾಡುತ್ತಿತ್ತು, ಒಂದು ಮುಳ್ಳೂ ಇಲ್ಲದೆ.

"ಬರ್ತೈತಲ್ರಿ ಮೇಡಂ."

"ಇಲ್ಲೆ ಬರ್ತೈತ್ರಿ. ಹರ್ತಿ ಕಡೆ ಬರಂಗಿಲ್ಲ."

"ಅದು ನೆಟ್‌ವರ್ಕ್ ರೀ. ಗುಡ್ಡ ಅಡ್ಡ ಬರ್ತೈತಿ."

"ನಮ್ಮ ಹೆಡ್‌ಮಾಸ್ತರ ಗಾಡ್ಯಾಗ ಬರ್ತೈತಲ್ಲ?"

"ಅವರ್ದು ಯಾ ಮಾಡೆಲ್ಲು?" ಎಂದು ಅವನು ಮಾತನ್ನು ನಮ್ಮ ಹೆಡ್‌ಮಾಸ್ತರರ ಕಡೆಗೆ ತಿರುಗಿಸಿದ. ಹೊರಡುವಾಗ ತಗ್ಗಿದ ಧ್ವನಿಯಲ್ಲಿ, "ನಾಳಿ ಒಂದು ಫೋನ್ ಬರ್ತೈತ್ರಿ ಮೇಡಂ. ಹತ್ತಕ್ಕ ಹತ್ತು ಕೊಡ್ರಿ. ಒಂಬತ್ತು ಕೊಟ್ರೂ ನಮ್ಮನ್ನ ಬೈತಾರ," ಎಂದ.

ಫೋನು ಬಂತು. ಎಲ್ಲಿಯದೋ ಊರಿನಿಂದ ಒಬ್ಬ ಹುಡುಗಿ, ಪುಸ್ತಕದ ಕನ್ನಡದಲ್ಲಿ, ನಮ್ಮ ಸೇವೆ ತಮಗೆ ತೃಪ್ತಿ ತಂದಿದೆಯೇ ಎಂದು ಕೇಳಿದಳು. ಹತ್ತಕ್ಕೆ ಹತ್ತು ಎಂದೆ. ಬೇರೆ ಏನಾದರೂ ಹೇಳುವುದಿದೆಯೇ ಎಂದಳು. ಇತ್ತು. ರೇಡಿಯೊ ವಿಷಯ ಹೇಳಿದೆ. ಆಮೇಲೆ ಹರ್ತಿಯ ದಾರಿಯ ವಿಷಯ, ಊಟವಾಯಿತೇ ಎಂದು ಅವಳನ್ನು ಕೇಳಿ, ನಮ್ಮ ಕಡೆ ಇನ್ನೂ ಸರಿಯಾದ ಮಳೆಯಿಲ್ಲ ಎಂಬುದನ್ನೂ ಹೇಳಿದೆ. "ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು" ಎಂದು ಅವಳು ಎರಡು ಸಲ ಹೇಳಿದ ಮೇಲೆ ನನಗೆ ತಿಳಿಯಿತು. ಅದು ರವಿವಾರ. ಇಡೀ ದಿನದಲ್ಲಿ ನಾನು ಮಾತಾಡಿದ್ದು ಅಷ್ಟೇ ಎಂದು ಹಾಸಿಗೆ ಹಾಸುವಾಗ ಲೆಕ್ಕಕ್ಕೆ ಬಂತು.

ಗಿರಿಜಾ ಫೋನು ಮಾಡುತ್ತಿರಲಿಲ್ಲವೆಂದಲ್ಲ. ಮಾಡುತ್ತಿದ್ದಳು, ಅಂಗಡಿಯಲ್ಲಿ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂತು. ನಡುನಡುವೆ "ಅರ್ಧ ಕಿಲೊನೋ, ಪಾವ ಕಿಲೊನೋ?" ಎಂದು ಯಾರನ್ನೋ ಕೇಳುತ್ತಿದ್ದಳು. ಮಾತಿನ ನಡುವೆ ಹೀಗೆ ಹೆಸರುಬೇಳೆ ಬಂದು ನಿಂತರೆ, ನಾನು ಹೇಳಬೇಕೆಂದಿದ್ದ ಮಾತು ಗಿರಾಕಿಯಂತೆ ಸ್ವಲ್ಪ ಹೊತ್ತು ಕಾದು ಎದ್ದುಹೋಗುತ್ತಿತ್ತು.

"ರೇಡಿಯೋ ಏನಂತಕ್ಕಾ?"

"ಗೊರ್ ಅಂತು."

"ತೋರಿಸಿದಿಲ್ಲ?"

"ತೋರಿಸಿದೆ. ತೊಳದ ಕೊಟ್ರು. ನೀ ಯಾವಾಗ ಬರ್ತೀ?"

"ಈ ವಾರ ಆಗಂಗಿಲ್ಲಕ್ಕಾ, ಮಾಲ ಬರ್ತೈತಿ. ಮುಂದಿನ ವಾರ."

ಮುಂದಿನ ವಾರ ಅತ್ತೆಯವರ ಕಣ್ಣಿನ ಆಪರೇಶನ್ನು. ಅದರ ಮುಂದಿನ ವಾರ ಮತ್ತೆ ಮಾಲು. ಎಲ್ಲವೂ ನಿಜವೇ ಎಂದು ನನಗೆ ಗೊತ್ತು. ನಾನೇ ಹೋಗಬಹುದಿತ್ತು, ಮುಂಡರಗಿಯೇನು ದೂರದ ಊರಲ್ಲ. ಆದರೆ ಹೊಸ ಸಂಸಾರಕ್ಕೆ ಅಕ್ಕ ಪದೇ ಪದೇ ಹೋಗಿ ಕೂತರೆ ಜನ ಏನಂದಾರು, ಮಲ್ಲಣ್ಣನವರ ಅವ್ವ ಏನಂದಾರು, ಏನೂ ಅನ್ನದಿದ್ದರೆ ಮನಸ್ಸಿನಲ್ಲಿ ಏನು ಇಟ್ಟುಕೊಂಡಾರು. ಹೋಗಲು ಒಂದು ಕೆಲಸವಾದರೂ ಬೇಕಲ್ಲ ಎಂದು ಕಾಯುತ್ತಿದ್ದೆ. ರೇಡಿಯೊ ಕೆಟ್ಟದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಗಿತ್ತು. ಅದೊಂದು ಇದ್ದುದರಿಂದ ಇಬ್ಬರಿಗೂ ಮಾತು ಶುರು ಮಾಡಲು ತಡವರಿಸಬೇಕಾಗಿರಲಿಲ್ಲ. ಮೊದಲು ಅದನ್ನು ಕೇಳಿ, ಆಮೇಲೆ ಬೇರೆ ಏನನ್ನೂ ಕೇಳದೆ ಇಟ್ಟುಬಿಡುತ್ತಿದ್ದೆವು.

ಸರ್ವಿಸ್ ಸೆಂಟರಿಗೆ ಎರಡನೆಯ ಸಲ ಹೋದಾಗ ನಾನು ಹಟ ಹಿಡಿದು ಮಂಜುನಾಥನನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. "ಬರ್ರಿ, ನಿಮ್ಮ ಕಿವೀಲೇ ಕೇಳ್ರಿ." ಪಕ್ಕದ ಸೀಟಿನಲ್ಲಿ ಕೂತವನು ಊರು ದಾಟುವುದರೊಳಗೆ ತನ್ನ ಕಥೆ ಶುರು ಮಾಡಿದ. ಅವನ ಊರು ಅಸುಂಡಿ. ಮನೆಯಲ್ಲಿ ಎಮ್ಮೆ ಈದಿತ್ತು. ಅದು ಅವನ ಹೆಂಡತಿಗೆ ಮಾತ್ರ ಹಾಲು ಕೊಡುತ್ತದೆ, ಇವನು ಹೋದರೆ ಒದೆಯುತ್ತದೆ. ಹೆಂಡತಿ ತವರಿಗೆ ಹೋದ ದಿನ ಅವಳ ಸೀರೆ ಸುತ್ತಿಕೊಂಡು ಹೋಗಿ ಕೂತರೂ ಎಮ್ಮೆ ಮುಖ ನೋಡಿ ಒದೆಯಿತಂತೆ. ನಾನು ಬಹಳ ದಿನಗಳ ಮೇಲೆ ನಕ್ಕೆ. ಹರ್ತಿಯ ದಾರಿ ಬಂದು, ಅರ್ಧ ದಾರಿ ಮುಗಿದು, ಅವನೇ ಮಾತು ನಿಲ್ಲಿಸಿ "ಹೂಂ, ಗೊರ್ ಅನ್ನಾಕತ್ತೈತಿ ನೋಡ್ರಿ" ಎಂದಾಗಲೇ ರೇಡಿಯೊ ಹಚ್ಚಿದ್ದೇನೆ ಎಂಬುದು ನನ್ನ ನೆನಪಿಗೆ ಬಂದದ್ದು.

ವಾಪಸು ಬಂದು ಕಾರಿಗೆ ಒಂದು ಸುತ್ತು ಹಾಕಿ ಅವನು ಹೇಳಿದ:

"ಸೆಟ್ಟು ಬಿಚ್ಚಬೇಕಾಗತೈತ್ರಿ. ಅದಕಿಂತಾ ಮೊದ್ಲ ಮ್ಯಾಲಿಂದ ನೋಡಕೋತ ಬರಬೇಕು, ಏರಿಯಲ್ಲಿಂದ. ಆದ್ರ ಅದನ್ನ ನಾವ್ ಮುಟ್ಟಂಗಿಲ್ಲ."

"ಯಾಕ್ರಿ?"

"ಕಂಕಣ ಕಟ್ಟೀರಲ್ರಿ."

ಕಾರಿನ ತಲೆಯ ಮೇಲಿನ ಏರಿಯಲ್ಲಿನ ಬುಡದಲ್ಲಿ ಅರಿಷಿಣದ ದಾರವಿತ್ತು. ಅದಕ್ಕೆ ಕಟ್ಟಿದ ಅರಿಷಿಣದ ಕೊಂಬು ಬಿಸಿಲಿಗೆ ಒಣಗಿ, ಮಳೆಗೆ ತೊಯ್ದು, ಮತ್ತೆ ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

"ಲಿಂಬಿಹಣ್ಣು, ಕರೀದಾರ, ಕಂಕಣ, ಯಾವ್ದೂ ನಾವ್ ಬಿಚ್ಚಂಗಿಲ್ರಿ," ಎಂದ ಮಂಜುನಾಥ. "ಒಮ್ಮೆ ಒಬ್ಬರ ಗಾಡೀದು ಬಿಚ್ಚಿ ತೊಳದಿದ್ರು ನಮ್ಮ ಹುಡುಗ್ರು. ಮರುದಿನ ಅವರ ಆಕಳ ಸತ್ತಿತ್ತು. ಎಲ್ಲಾರೂ ಬಂದು ಇಲ್ಲೇ ಕುಂತಬಿಟ್ರು. ಅವತ್ತಿನಿಂದ ಸುತ್ತಾ ತೊಳೀತಾರ, ಅದನ್ನಷ್ಟ ಬಿಡ್ತಾರ. ನೀವ ಬಿಚ್ಚಿಕೊಂಡು ಬರ್ರಿ. ಆಮ್ಯಾಲ ನೋಡೂಣು."

ನಾನು ಬಿಚ್ಚಬಹುದಿತ್ತು. ನೀವು ಅದನ್ನೇ ಅನ್ನುತ್ತೀರಿ, ಗೊತ್ತು. ಅದಕ್ಕೇ ಆ ಕಂಕಣದ ವಿಷಯ ಹೇಳಬೇಕು.

ಮದುವೆ ಲಕ್ಷ್ಮೇಶ್ವರದಲ್ಲಿ, ಸೋದರಮಾವನ ಮನೆಯ ಮುಂದಿನ ಹಂದರದಲ್ಲಿ, ಹತ್ತಾರು ಜನರ ನಡುವೆ ಆಯಿತು. ಕಳಿಸಿಕೊಡುವ ಹೊತ್ತಿಗೆ ಗಂಡಿನವರ ಜೀಪು ತಯಾರಾಗಿ ನಿಂತಿತ್ತು. ಗಿರಿಜಾ ಉಡಿ ತುಂಬಿಸಿಕೊಂಡವಳು ಎದ್ದು, "ನಾ ನಮ್ಮಕ್ಕನ ಗಾಡ್ಯಾಗ ಬರ್ತೀನಿ," ಎಂದಳು. ಯಾರೂ ಬೇಡವೆನ್ನಲಿಲ್ಲ. ಆಗ ಬೆಟಗೇರಿಯ ನಮ್ಮ ಪಕ್ಕದ ಮನೆಯ ಗಂಗವ್ವ ಅತ್ತಿ ಅಡ್ಡ ಬಂದರು.

"ಮದುಮಗಳನ್ನ ಒಯ್ಯೂ ಗಾಡಿ ಹಂಗ ಬರೇ ಹೋಗಬಾರದು. ಅದಕ್ಕೂ ಒಂದು ಕಂಕಣ ಕಟ್ರಿ."

ಎಲ್ಲಿ ಕಟ್ಟುವುದು? ಸ್ಟೇರಿಂಗಿಗೆ ಬೇಡ, ತಿರುಗಿಸುವಾಗ ಸಿಕ್ಕಿಕೊಂಡೀತು ಎಂದೆ. ಕನ್ನಡಿಗೆ ಬೇಡ, ಹಿಂದಿನದು ಕಾಣಲಿಕ್ಕಿಲ್ಲ ಎಂದೆ. ನಂಬರ್ ಪ್ಲೇಟಿಗೆ ಬೇಡ, ಪೊಲೀಸರು ಹಿಡಿದಾರು ಎಂದೆ. "ನಿಮ್ಮ ಟೀಚರನ್ನ ಯಾರರ ಸುಮ್ನ ಕುಂಡರಸ್ರಿ," ಎಂದರು ಗಂಗವ್ವ ಅತ್ತಿ. ಕೊನೆಗೆ ಉಳಿದದ್ದು ಏರಿಯಲ್ಲು. ಅದಕ್ಕೂ ನಾನು, ಗಾಳಿಗೆ ಹಾರಿಹೋದರೆ ಅಪಶಕುನವಲ್ಲವೇ ಎಂದು ಶುರು ಮಾಡಿದೆ. ಗಿರಿಜಾ ಅತ್ತಿಯ ಕೈಯಿಂದ ದಾರ ಕಸಿದುಕೊಂಡಳು. "ನೀ ಒಳಗ ಕುಂಡರಕ್ಕಾ. ನಾನ ಕಟ್ಟತೀನಿ." ಅವಳು ಕಟ್ಟುವುದನ್ನು ನಾನು ನೋಡಲಿಲ್ಲ, ಟಾಯರಿನ ಗಾಳಿ ನೋಡುತ್ತಿದ್ದೆ. "ಕಟ್ಟಿದ ಕೈಲೇ ಬಿಚ್ಚಬೇಕು ಮತ್ತ," ಎಂದು ಗಂಗವ್ವ ಅತ್ತಿ ಕೂಗಿದ್ದು ಮಾತ್ರ ಕೇಳಿತು.

ಆಮೇಲೆ ಗಿರಿಜಾ ಬಂದು ಎಂದಿನ ರೂಢಿಯಂತೆ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಬಾಸಿಂಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ ಮಲ್ಲಣ್ಣನವರು ತಾವೊಬ್ಬರೇ ಹಿಂದೆ, ತೆಂಗಿನಕಾಯಿ ಹಿಡಿದು. ಲಕ್ಷ್ಮೇಶ್ವರದಿಂದ ಶಿರಹಟ್ಟಿ ದಾಟಿ ಮುಂಡರಗಿ ಮುಟ್ಟುವ ತನಕ ಗಿರಿಜಾ ನನ್ನ ಜೊತೆ ಮಾತಾಡಿದಳು, ಮಲ್ಲಣ್ಣನವರು ಹಿಂದಿನಿಂದ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಅವರಿಬ್ಬರ ಕೈಯ ಕಂಕಣವನ್ನು ಆ ಮನೆಯವರು ಶಾಸ್ತ್ರ ಮಾಡಿ ಬಿಚ್ಚಿಸಿದರು. ಕಾರಿನದು ಯಾರ ನೆನಪಿಗೂ ಬರಲಿಲ್ಲ. ಬೆಳಕಿರುವಾಗಲೇ ಮನೆ ಸೇರಬೇಕೆಂದು ನಾನು ಅವಸರದಲ್ಲಿದ್ದೆ. ಹೀಗಾಗಿ ಮದುವೆ ಮುಗಿದರೂ ನನ್ನ ಕಾರಿನ ಮೇಲೆ ಮಾತ್ರ ಅದು ಇನ್ನೂ ಮುಗಿಯದೆ ಉಳಿದಿತ್ತು. ದಿನಾ ಮುಂಜಾನೆ ಅದನ್ನು ನೋಡುತ್ತಿದ್ದೆ. ಒಮ್ಮೆ ಬೆರಳು ತಾಗಿಸಿಯೂ ಇದ್ದೆ. ಗಿರಿಜಾ ಬಂದು ಬಿಚ್ಚಲಿ ಎಂದು ಕೈ ಹಿಂದೆಗೆದೆ. ಇದು ಶಾಸ್ತ್ರದ ಭಯವೋ, ಅವಳು ಮಾಡಬೇಕಾದ ಒಂದು ಕೆಲಸವಾದರೂ ನಮ್ಮ ಮನೆಯಲ್ಲಿ ಬಾಕಿ ಇರಲಿ ಎಂಬ ಆಸೆಯೋ, ನಾನು ಒಡೆದು ನೋಡಲಿಲ್ಲ.

ಈಗ ಮಂಜುನಾಥ ಕಾರಣ ಒದಗಿಸಿದ್ದ. ಸೆಟ್ಟು ಬಿಚ್ಚಬೇಕು, ಸೆಟ್ಟು ಬಿಚ್ಚಲು ಏರಿಯಲ್ ನೋಡಬೇಕು, ಏರಿಯಲ್ ನೋಡಲು ಕಂಕಣ ಬಿಚ್ಚಬೇಕು, ಕಂಕಣ ಬಿಚ್ಚಲು ಮುಂಡರಗಿಗೆ ಹೋಗಬೇಕು. ಇದರಲ್ಲಿ ನನ್ನದೇನಿದೆ, ಎಲ್ಲ ಗಾಡಿಯ ಕೆಲಸ. ರವಿವಾರ ಮುಂಜಾನೆ ಹೊರಟೆ. ದಾರಿಯುದ್ದಕ್ಕೂ ರೇಡಿಯೊ ಗೊರ್ ಎನ್ನುತ್ತಿತ್ತು. ಅವತ್ತು ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಗಿರಿಜಾ ಅಂಗಡಿಯಲ್ಲಿ ಅವಲಕ್ಕಿ ತೂಗುತ್ತಿದ್ದಳು. ನನ್ನನ್ನು ಕಂಡು ತಕ್ಕಡಿಯನ್ನು ಹಾಗೇ ಬಿಟ್ಟು ಇಳಿದುಬಂದಳು.

"ಏನಾತಕ್ಕಾ? ಮೈಯಾಗ ಆರಾಮ ಐತಿಲ್ಲ?"

"ಆರಾಮ ಐತಿ. ಗಾಡಿಗೆ ಆರಾಮ ಇಲ್ಲ," ಎಂದು ಎಲ್ಲವನ್ನೂ ಹೇಳಿದೆ.

"ಒಂದು ದಾರಾ ಬಿಚ್ಚಾಕ ಇಲ್ಲೀ ಮಟಾ ಬಂದಿ?"

"ಕಟ್ಟಿದ ಕೈಲೇ ಬಿಚ್ಚಬೇಕಂತ ಅತ್ತಿ ಹೇಳಿಲ್ಲ?"

"ವಿಜ್ಞಾನ ಹೇಳಾಕಿ ನೋಡ ಇಕಿ," ಎಂದು ಅವಳು ಗಂಡನ ಕಡೆ ತಿರುಗಿದಳು. ಮಲ್ಲಣ್ಣನವರು ಗಲ್ಲೆಯಿಂದಲೇ, "ಇರ್ಲಿ ಬಿಡು, ಈ ನೆವದಿಂದರ ಬಂದ್ರಲ್ಲ. ದಿನಾ ಅಕ್ಕಾರ ಯಾಕ ಬರವಲ್ರು ಅಂತಿದ್ದಿ," ಎಂದರು.

ನಾನು ಅವಳ ಮುಖ ನೋಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ನೀ ಬರ್ತೀನಿ ಅಂತಿದ್ದಿಲ್ಲ?" ಎಂದೆ.

"ಅಂತಿದ್ದೆ. ಅಲ್ಲಿಗೆ ಬಂದ್ರ ಹೊಳ್ಳಿ ಇಲ್ಲಿಗೆ ಬರಾಕ ಮನಸ್ಸಾಗಬೇಕಲ್ಲ," ಎಂದಳು. "ಅದಿರ್ಲಿ. ಹಚ್ಚು, ಹೆಂಗ ಗೊರ್ ಅಂತೈತಿ ಕೇಳೂಣು."

ಒಳಗೆ ಕೂತು ಹಚ್ಚಿದೆ. ಗೊರ್ರ್. ಗಿರಿಜಾ ಕಾರಿನ ಪಕ್ಕ ನಿಂತು, ಯೋಚನೆಯೇ ಮಾಡದೆ, ಹಳೆಯ ರೂಢಿ ಕೈಯಲ್ಲೇ ಇತ್ತೇನೋ, ಮೇಲೆ ಕೈಚಾಚಿ ಏರಿಯಲ್ಲಿನ ಕಡ್ಡಿಯನ್ನು ಹಿಡಿದಳು. ಹಾಡು ಸ್ವಚ್ಛವಾಗಿ ಬಂತು. ಬೀದಿ ತುಂಬ ಬಂತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವಳು ಕೈ ಬಿಟ್ಟಳು, ಗೊರ್ರ್. ಹಿಡಿದಳು, ಹಾಡು. ಅವಲಕ್ಕಿಗೆ ಬಂದ ಮುದುಕಿ ಚೀಲ ಹಿಡಿದು ಇದನ್ನೇ ನೋಡುತ್ತ ನಿಂತಳು.

"ಬೆಲ್ಲಾ ಕೊಡ್ರಿ ಇಕಿಗೆ," ಎಂದೆ ಮಲ್ಲಣ್ಣನವರಿಗೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ಒಂದು ಹರಳು ಒಡೆದು ತಂದುಕೊಟ್ಟರು. ಗಿರಿಜಾ ಅದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಹಿಡಿದೇ ನಿಂತಳು. ಹಾಡು ಮುಗಿಯಿತು. ಯಾರೋ ಮಳೆಯ ವಿಷಯ ಹೇಳತೊಡಗಿದರು. ಅವಳು ನಿಂತೇ ಇದ್ದಳು.

ಆಮೇಲೆ ಕಡ್ಡಿಯನ್ನು ಅಲ್ಲಾಡಿಸಿ ನೋಡಿದಳು. "ಇದು ಅಳ್ಳಾಡತೈತಲ್ಲಕ್ಕಾ. ತಡಿ, ತಡಿ." ತಿರುಗಿಸಿ ತಿರುಗಿಸಿ ಕಡ್ಡಿಯನ್ನು ಬುಡದಿಂದ ಕಿತ್ತಳು. ಅದರ ಸ್ಕ್ರೂವಿನ ಎಳೆಎಳೆಯಲ್ಲೂ ಅರಿಷಿಣದ ದಾರ ಒತ್ತಾಗಿ ಸುತ್ತಿಕೊಂಡಿತ್ತು. ಕೋಟಿಗೆ ಗುಂಡಿ ಹಚ್ಚುವವರು ಬುಡಕ್ಕೆ ಸುತ್ತುವ ಹಾಗೆ. ಕಡ್ಡಿ ತನ್ನ ಜಾಗದಲ್ಲಿ ಕೂತಂತೆ ಕಾಣುತ್ತಿತ್ತು, ಕೂತಿರಲಿಲ್ಲ. ಹತ್ತಿಯ ದಾರದಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಪ್ರತಿ ವರ್ಷ ಮಕ್ಕಳಿಗೆ ತೋರಿಸಲು ನಾನು ಮನೆಯಿಂದ ದಾರ ಒಯ್ಯುತ್ತೇನೆ; ಗಿರಿಜಾಳ ಹೊಲಿಗೆಯ ಡಬ್ಬಿಯಿಂದಲೇ. ನಡುವೆ ದಾರ ಇಟ್ಟರೆ ಬಲ್ಬು ಹತ್ತುವುದಿಲ್ಲ ನೋಡ್ರಿ ಎನ್ನುತ್ತೇನೆ.

"ಮ್ಯಾಲೆ ಕಟ್ಟೂದು ಬಿಟ್ಟು ಒಳಗ ಯಾಕ ಸುತ್ತಿದಿ?"

ಅವಳು ಉಗುರಿನಿಂದ ದಾರ ಬಿಡಿಸುತ್ತಿದ್ದಳು. "ಮ್ಯಾಲೆ ಕಟ್ಟಿದ್ರ ನೀ ಮುಂಡರಗಿ ಮುಟ್ಟೂ ತನಕಾ, ಹಾರಿಹೋತೇನೋ, ಹಾರಿಹೋತೇನೋ ಅಂತ ಮ್ಯಾಲೆ ನೋಡ್ತಿದ್ದಿ. ಗಾಡಿ ಹೊಡಿಯಾಕಿ ಮುಂದ ನೋಡಬೇಕಲ್ಲ. ಅದಕ ಕಡ್ಡಿ ಬಿಚ್ಚಿ, ಒಳಗ ಸುತ್ತಿ, ಜಗ್ಗಿದ್ರೂ ಬರಬಾರದು ಅಂತ ಬಿಗಿಮಾಡಿದ್ದೆ," ಎಂದಳು. ದಾರವನ್ನು ಬೆರಳಿಗೆ ಸುತ್ತಿ, ಕೊಂಬಿನ ಜೊತೆ ಕುಪ್ಪಸದೊಳಗೆ ಇಟ್ಟುಕೊಂಡಳು. ಸ್ಕ್ರೂ ಒರೆಸಿ, ಕಡ್ಡಿಯನ್ನು ತಿರುಗಿಸಿ ಕೂರಿಸಿದಳು. ಕೈ ಬಿಟ್ಟಳು. ಹಾಡು ನಿಂತಿತು, ಅಂದರೆ ಹಾಡಾಗಿಯೇ ನಿಂತಿತು.

ಉಂಡು, ಅವಲಕ್ಕಿ ಕಟ್ಟಿಸಿಕೊಂಡು ಹೊರಟೆ. ಸಂಜೆಯ ಬಿಸಿಲು ಕಪ್ಪತಗುಡ್ಡದ ಮೇಲಿತ್ತು. ರೇಡಿಯೊ ಒಂದು ಶಬ್ದವನ್ನೂ ನುಂಗದೆ ಹೇಳಿತು: ಹತ್ತಿ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಧ್ವನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಪಕ್ಕದ ಸೀಟು ಇನ್ನಷ್ಟು ಖಾಲಿ ಕಂಡಿತು. ನಾಳೆ ಗಿರಿಜಾ ಫೋನು ಮಾಡಿ ಏನು ಕೇಳುತ್ತಾಳೆ ಎಂದು ಹೊಸ ಚಿಂತೆ ಶುರುವಾಯಿತು. ಅರ್ಧ ದಾರಿಯಲ್ಲಿ ರೇಡಿಯೊ ಆರಿಸಿದೆ. ಅದನ್ನು ಮತ್ತೆ ಹಚ್ಚಿದ್ದು ಬೆಟಗೇರಿ ಬಂದು, ಬೀಗ ಹಾಕಿದ ಮನೆ ಕಂಡ ಮೇಲೆ.

ಇಲಿ ಕಡಿದಿರಲಿಲ್ಲ. ನೀರು ಇಳಿದಿರಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾರ ಹಾಡಿಗೂ ಹೋಗದೆ ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಸೂರ್ಯ ಸರಿಯಿದ್ದ. ಕಿವಿ ಚೊಲೋ ಇದ್ದವು. ಕೆಟ್ಟದ್ದು ಇಷ್ಟೇ: ಮನೆ ಬಿಟ್ಟು ಹೊರಟ ಗಡಿಬಿಡಿಯಲ್ಲೂ ಒಬ್ಬಳು, ಅಕ್ಕನಿಗೆ ಚಿಂತೆ ಹತ್ತಬಾರದೆಂದು, ಒಂದು ದಾರವನ್ನು ಬೇಕಾದ್ದಕ್ಕಿಂತ ತುಸು ಬಿಗಿಯಾಗಿ ಸುತ್ತಿದ್ದಳು.